ಬೊಹೀಮಿಯದ ಅಂಗಡಿಬೀದಿ: ಒಂದು ಐತಿಹಾಸಿಕ ವಿಡಿಯೊ ಆಟದಲ್ಲಿ ವರ್ತಕನ ಸ್ಥಾನ

ಚರಿತ್ರೆಯೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವರು ರಾಜರು, ದಂಡನಾಯಕರು, ಮಂತ್ರಿಗಳು. ಕೋಟೆಯನ್ನು ಕಟ್ಟಿದವನ ಹೆಸರು ಶಾಸನದಲ್ಲಿ ಉಳಿಯುತ್ತದೆ; ಕೋಟೆ ಕಟ್ಟುವ ಕೂಲಿಗಳಿಗೆ ಹಿಟ್ಟು ಮಾರಿದವನ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಆದರೆ ಒಂದು ನಾಡು ದಿನದಿಂದ ದಿನಕ್ಕೆ ಬದುಕುವುದು ಅರಮನೆಯ ಅಂಗಳದಲ್ಲಲ್ಲ, ಅಂಗಡಿಯ ಕಟ್ಟೆಯ ಮೇಲೆ. ಕೊಡುವವನೂ ಕೊಳ್ಳುವವನೂ ಎದುರುಬದುರು ನಿಂತು, ಒಬ್ಬರ ಮಾತನ್ನು ಇನ್ನೊಬ್ಬರು ನಂಬಿ ನಡೆಸುವ ವ್ಯವಹಾರವೇ ಸಮಾಜದ ನಿಜವಾದ ಬೆನ್ನೆಲುಬು. ಇದನ್ನು ಗ್ರಂಥಗಳಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ನಮ್ಮ ಮನೆಗಳ ಯುವಕರು ಗಣಕಯಂತ್ರದ ಮುಂದೆ ಕುಳಿತು ಆಡುವ ಒಂದು ಆಟದಲ್ಲಿ ಇದು ಸಿಗುತ್ತದೆಯೆಂದರೆ ಹಿರಿಯರಿಗೆ ಅಚ್ಚರಿಯೆನಿಸಬಹುದು. ಆ ಅಚ್ಚರಿಯ ಕಾರಣವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಿಡಿಯೊ ಆಟಗಳಲ್ಲಿ ಅಂಗಡಿ ಹೊಸ ಸಂಗತಿಯೇನೂ ಅಲ್ಲ. ಬಹುಪಾಲು ಆಟಗಳಲ್ಲಿ ಅದೊಂದು ನಿರ್ಜೀವ ಕಪಾಟು. ಹಗಲಿರುಳೆನ್ನದೆ ಅದು ತೆರೆದಿರುತ್ತದೆ. ವರ್ತಕನಿಗೆ ಹಸಿವಿಲ್ಲ, ನಿದ್ರೆಯಿಲ್ಲ, ಹೆಂಡಿರು ಮಕ್ಕಳಿಲ್ಲ. ಅವನ ಹಣದ ಚೀಲಕ್ಕೆ ತಳವೂ ಇಲ್ಲ. ಆಟಗಾರನು ಎಲ್ಲಿಂದಲೋ ಹೊತ್ತು ತಂದ ನೂರು ಕತ್ತಿಗಳನ್ನು ಒಮ್ಮೆಗೇ ಸುರಿದರೂ ಅವನು ಹುಬ್ಬೇರಿಸದೆ ಕೊಂಡುಕೊಳ್ಳುತ್ತಾನೆ. ‘ಇದು ಯಾರದಪ್ಪಾ?’ ಎಂಬ ಪ್ರಶ್ನೆ ಅವನ ಬಾಯಿಂದ ಬರುವುದೇ ಇಲ್ಲ. ಇಂತಹ ಅಂಗಡಿಯನ್ನು ನೋಡುತ್ತ ಬೆಳೆದ ಮಗುವಿಗೆ ವ್ಯಾಪಾರವೆಂದರೆ ಸಂಖ್ಯೆಯೊಂದನ್ನು ಕೊಟ್ಟು ವಸ್ತುವೊಂದನ್ನು ಪಡೆಯುವುದು, ಅಷ್ಟೇ ಎಂಬ ಭಾವನೆ ಮೂಡಿದರೆ ಅದರಲ್ಲಿ ಮಗುವಿನ ತಪ್ಪಿಲ್ಲ. ಈ ರೂಢಿಯನ್ನು ಮುರಿದು, ವರ್ತಕನನ್ನು ಮನುಷ್ಯನನ್ನಾಗಿ ನಿಲ್ಲಿಸಲು ಯತ್ನಿಸಿದ ಕೃತಿಯೇ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’.

ಆಟ ಮತ್ತು ಅದರ ಕಾಲ

ಮಧ್ಯ ಯೂರೋಪಿನ ಚೆಕ್ ದೇಶದ ರಾಜಧಾನಿ ಪ್ರಾಗ್ ನಗರದಲ್ಲಿರುವ ವಾರ್‌ಹಾರ್ಸ್ ಎಂಬ ಸಂಸ್ಥೆಯವರು ಈ ಆಟವನ್ನು ೨೦೧೮ರ ಫೆಬ್ರುವರಿಯಲ್ಲಿ ಹೊರತಂದರು. ಇದಕ್ಕೆ ಹಣ ಕೂಡಿದ ಬಗೆಯೂ ಗಮನಾರ್ಹವೇ. ಹಿಂದೆ ಗ್ರಂಥಗಳನ್ನು ಅಚ್ಚಿಗೆ ಹಾಕುವ ಮೊದಲೇ ಓದುಗರಿಂದ ಮುಂಗಡ ಚಂದಾ ಎತ್ತುವ ಪದ್ಧತಿಯಿತ್ತಲ್ಲವೆ? ಹಾಗೆಯೇ ೨೦೧೪ರಲ್ಲಿ ಈ ಸಂಸ್ಥೆಯವರು ಸಾರ್ವಜನಿಕರಿಗೆ ಮನವಿ ಮಾಡಿಕೊಂಡು ಹನ್ನೊಂದು ಲಕ್ಷ ಪೌಂಡಿಗೂ ಮಿಕ್ಕಿ ಹಣವನ್ನು ಕೂಡಿಸಿದರು. ಇನ್ನೂ ತಯಾರಾಗದ ವಸ್ತುವಿಗೆ ಸಾವಿರಾರು ಮಂದಿ ನಂಬಿಕೆಯ ಮೇಲೆ ಬೆಲೆ ತೆತ್ತರು.

ಕಥೆ ನಡೆಯುವುದು ೧೪೦೩ರ ಬೊಹೀಮಿಯ ರಾಜ್ಯದಲ್ಲಿ. ವೈಭವದಿಂದ ಆಳಿದ ನಾಲ್ಕನೆಯ ಚಾರ್ಲ್ಸ್ ದೊರೆ ೧೩೭೮ರಲ್ಲಿ ತೀರಿಕೊಂಡ ಮೇಲೆ ಅವನ ಮಗ ನಾಲ್ಕನೆಯ ವೆನ್ಸೆಸ್ಲಾಸ್ ಪಟ್ಟಕ್ಕೆ ಬಂದನು. ಅವನು ತಂದೆಯಷ್ಟು ಸಮರ್ಥನಾಗಲಿಲ್ಲ. ೧೪೦೦ರಲ್ಲಿ ಜರ್ಮನಿಯ ಅರಸುಗಳು ಅವನನ್ನು ತಮ್ಮ ಮೇಲಿನ ರಾಜಪದವಿಯಿಂದ ಇಳಿಸಿದರು. ೧೪೦೨ರಲ್ಲಿ ಅವನ ಮಲತಮ್ಮನೂ ಹಂಗೇರಿಯ ದೊರೆಯೂ ಆದ ಸಿಗಿಸ್ಮಂಡನು ಅವನನ್ನು ಸೆರೆಹಿಡಿದನು. ಸಿಂಹಾಸನದಲ್ಲಿ ಕೂಡಬೇಕಾದವನು ಸೆರೆಯಲ್ಲಿ, ಸೈನ್ಯದ ಬಲವುಳ್ಳವನು ನಾಡಿನಲ್ಲಿ: ಇಂತಹ ಹೊತ್ತಿನಲ್ಲಿ ಸಾಮಾನ್ಯರ ಬಾಳು ಏನಾದೀತೆಂಬುದನ್ನು ಊಹಿಸಬಹುದು. ಬೆಳ್ಳಿಯ ಗಣಿಗಳಿಂದ ಹೆಸರಾದ ಸ್ಕಾಲಿಟ್ಸ್ ಎಂಬ ಊರು ಸಿಗಿಸ್ಮಂಡನ ದಂಡಿನ ಪಾಲಾಗುವುದು ಕಥೆಯ ಆರಂಭ. ನಾಯಕನಾದ ಹೆನ್ರಿಯು ರಾಜಕುಮಾರನಲ್ಲ, ವೀರನೂ ಅಲ್ಲ. ಆ ಊರಿನ ಕಮ್ಮಾರನ ಮಗ.

ಮೊದಲ ಕೆಲಸ: ಬಾಕಿ ವಸೂಲಿ

ಆಟದ ಮೊದಲ ಮುಂಜಾನೆಯಲ್ಲಿ ಹೆನ್ರಿಗೆ ಸಿಗುವ ಆಜ್ಞೆ ಯುದ್ಧದ್ದಲ್ಲ, ವ್ಯಾಪಾರದ್ದು. ತಂದೆ ಮಾರ್ಟಿನ್ ಊರಿನ ಒಡೆಯ ರಾಡ್ಜಿಗ್‌ನಿಗಾಗಿ ಕತ್ತಿಯೊಂದನ್ನು ಮುಗಿಸುತ್ತಿದ್ದಾನೆ. ಕುಲುಮೆಗೆ ಇದ್ದಿಲು ಬೇಕು. ಇದ್ದಿಲಿಗೆ ಹಣ ಬೇಕು. ಆ ಹಣ ಕುನೇಶ್ ಎಂಬ ಊರವನ ಬಳಿ ಉಳಿದುಬಿಟ್ಟಿದೆ. ಅವನು ಕೊಡಲಿ, ಸುತ್ತಿಗೆ, ಮೊಳೆಗಳನ್ನು ಉದ್ರಿಯಾಗಿ ಒಯ್ದು, ಕೊಡಬೇಕಾದುದನ್ನು ಕೊಡದೆ ಕಾಲ ತಳ್ಳುತ್ತಿದ್ದಾನೆ. ‘ಹೋಗಿ ವಸೂಲು ಮಾಡಿಕೊಂಡು ಬಾ’ ಎಂದು ತಂದೆ ಮಗನನ್ನು ಕಳಿಸುತ್ತಾನೆ.

ಇಷ್ಟು ಚಿಕ್ಕ ಸಂಗತಿಯಲ್ಲಿ ಒಂದು ಊರಿನ ಅರ್ಥವ್ಯವಸ್ಥೆಯೆಲ್ಲ ಅಡಗಿದೆ. ಒಬ್ಬನು ಬಾಕಿ ಕೊಡದೆ ಹೋದರೆ ಇನ್ನೊಬ್ಬನ ಕುಲುಮೆ ಆರುತ್ತದೆ. ಕುಲುಮೆ ಆರಿದರೆ ಒಡೆಯನಿಗೆ ಕತ್ತಿಯಿಲ್ಲ. ಇಲ್ಲಿ ಆಟಗಾರನಿಗೆ ಹಲವು ದಾರಿಗಳಿವೆ. ನಯವಾದ ಮಾತಿನಿಂದ ಕೇಳಬಹುದು, ಮುಷ್ಟಿಯುದ್ಧಕ್ಕೆ ಇಳಿಯಬಹುದು, ಗೆಳೆಯರನ್ನು ಕೂಡಿಕೊಂಡು ಹೋಗಬಹುದು, ಇಲ್ಲವೆ ಅವನ ಮನೆಯೊಳಗೆ ನುಗ್ಗಿ ಸಾಮಾನುಗಳನ್ನು ಹೊತ್ತು ತರಬಹುದು. ಕುನೇಶ್ ಒಳ್ಳೆಯ ಮಾತಿಗೆ ಸುಲಭವಾಗಿ ಬಗ್ಗುವವನಲ್ಲ. ನ್ಯಾಯವಾಗಿ ಬರಬೇಕಾದ ಹಣಕ್ಕಾಗಿ ಅನ್ಯಾಯದ ದಾರಿ ಹಿಡಿಯಬಹುದೇ ಎಂಬ ಪ್ರಶ್ನೆಯನ್ನು ಆಟವು ಉಪದೇಶದ ಮಾತಿಲ್ಲದೆ ಮೊದಲ ಅರ್ಧ ಗಂಟೆಯೊಳಗೇ ಆಟಗಾರನ ಮುಂದಿಡುತ್ತದೆ. ಕಿರಾಣಿ ಅಂಗಡಿ ನಡೆಸಿದ ಯಾವ ಮನೆಯವರಿಗೂ ಈ ಸಂದಿಗ್ಧ ಹೊಸದೆನಿಸಲಾರದು.

ಅಂಗಡಿಯ ದಿನಚರಿ

ಸ್ಕಾಲಿಟ್ಸ್ ಸುಟ್ಟು, ತಂದೆತಾಯಿಗಳನ್ನು ಕಳೆದುಕೊಂಡ ಹೆನ್ರಿ ರತ್ತಾಯ್ ಎಂಬ ಕೋಟೆಯೂರಿಗೆ ಬಂದು ಸೇರುತ್ತಾನೆ. ಅಲ್ಲಿಯ ಅಂಗಡಿಬೀದಿಯನ್ನು ಗಮನವಿಟ್ಟು ನೋಡಬೇಕು. ಕತ್ತಿ ಮಾರುವವನು ಬೇರೆ, ಕವಚ ಮಾಡುವವನು ಬೇರೆ, ಬಟ್ಟೆ ಹೊಲಿಯುವ ದರ್ಜಿ ಬೇರೆ, ಪಾದರಕ್ಷೆ ಹೊಲಿಯುವವನು ಬೇರೆ, ಮದ್ದಿನ ಗಿಡಮೂಲಿಕೆಗಳನ್ನಿಟ್ಟವನು ಬೇರೆ. ಒಬ್ಬನ ಕಸಬಿನಲ್ಲಿ ಇನ್ನೊಬ್ಬನು ಕೈಯಿಡುವುದಿಲ್ಲ. ಬೆಳಗಾದರೆ ಅವರು ಅಂಗಡಿ ತೆರೆಯುತ್ತಾರೆ, ಸಂಜೆಯಾದರೆ ಬಾಗಿಲು ಹಾಕಿಕೊಂಡು ಊಟಕ್ಕೋ ಹೆಂಡದಂಗಡಿಗೋ ಹೋಗುತ್ತಾರೆ, ರಾತ್ರಿ ಮಲಗುತ್ತಾರೆ. ನಡುರಾತ್ರಿ ಬಂದು ಕದ ಬಡಿದ ಆಟಗಾರನಿಗೆ ಬೆಳಗಿನವರೆಗೆ ಕಾಯುವುದಲ್ಲದೆ ಬೇರೆ ದಾರಿಯಿಲ್ಲ. ಕಾಯುವುದನ್ನು ಕಲಿಸುವ ಆಟಗಳು ವಿರಳ.

ವರ್ತಕನ ಹಣಕ್ಕೂ ಮಿತಿಯುಂಟು. ಅವನ ಪೆಟ್ಟಿಗೆಯಲ್ಲಿ ಎಷ್ಟು ನಾಣ್ಯಗಳಿವೆಯೋ ಅಷ್ಟರೊಳಗೆ ಮಾತ್ರ ಅವನು ಕೊಳ್ಳಬಲ್ಲ. ಬೆಲೆಬಾಳುವ ಕವಚವೊಂದನ್ನು ತಂದ ಹೆನ್ರಿಗೆ ಸಣ್ಣ ಊರಿನ ವರ್ತಕನು ಪೂರ್ಣ ಬೆಲೆ ಕೊಡಲಾರ. ಆಗ ಹೆನ್ರಿ ದೊಡ್ಡ ಊರಿಗೆ ಹೋಗಬೇಕು, ಇಲ್ಲವೆ ಸಿಕ್ಕಷ್ಟಕ್ಕೆ ತೃಪ್ತನಾಗಬೇಕು, ಇಲ್ಲವೆ ಬೆಲೆಯ ಒಂದು ಭಾಗಕ್ಕೆ ಆ ಅಂಗಡಿಯ ಸಾಮಾನನ್ನೇ ಬದಲು ಪಡೆಯಬೇಕು. ಸರಕು ಇದ್ದ ಮಾತ್ರಕ್ಕೆ ಸಂಪತ್ತಲ್ಲ, ಅದನ್ನು ಕೊಳ್ಳುವ ಶಕ್ತಿಯುಳ್ಳ ಪೇಟೆಯೂ ಬೇಕೆಂಬ ಅರ್ಥಶಾಸ್ತ್ರದ ಮೊದಲ ಪಾಠ ಇದರಲ್ಲಿದೆ.

ವಸ್ತುವಿನ ಸ್ಥಿತಿಯೂ ಬೆಲೆಯನ್ನು ನಿರ್ಣಯಿಸುತ್ತದೆ. ಹರಿದ ಅಂಗಿಗೆ, ಮೊಂಡಾದ ಕತ್ತಿಗೆ ಬೆಲೆ ಕಡಿಮೆ. ಆಯಾ ಕಸಬಿನವನಿಗೆ ಕೂಲಿ ತೆತ್ತು ದುರಸ್ತಿ ಮಾಡಿಸಬಹುದು. ಉಪಕರಣಗಳನ್ನು ಕೊಂಡು ತಾನೇ ಹೊಲಿದು ಬಡಿದು ಸರಿಪಡಿಸಿಕೊಳ್ಳುವುದೂ ಉಂಟು. ಆಹಾರ ಪದಾರ್ಥಗಳು ದಿನಗಳು ಉರುಳಿದಂತೆ ಕೆಡುತ್ತವೆ. ಆದ್ದರಿಂದ ಧಾನ್ಯದ ವ್ಯಾಪಾರಿಗೂ ಕಬ್ಬಿಣದ ವ್ಯಾಪಾರಿಗೂ ಇರುವ ವ್ಯತ್ಯಾಸ ಆಟಗಾರನಿಗೆ ತಾನಾಗಿಯೇ ಮನದಟ್ಟಾಗುತ್ತದೆ.

ಚೌಕಾಸಿ ಮತ್ತು ಊರಿನ ಅಭಿಪ್ರಾಯ

ಈ ಆಟದ ಅತ್ಯಂತ ಜೀವಂತವಾದ ಭಾಗವೆಂದರೆ ಚೌಕಾಸಿ. ವರ್ತಕನು ಒಂದು ಬೆಲೆ ಹೇಳುತ್ತಾನೆ. ಗಿರಾಕಿ ತನ್ನದೊಂದು ಬೆಲೆ ಹೇಳುತ್ತಾನೆ. ಇಬ್ಬರೂ ಹೆಜ್ಜೆ ಹೆಜ್ಜೆಯಾಗಿ ನಡುವಿಗೆ ಬರುತ್ತಾರೆ. ವರ್ತಕನ ತಾಳ್ಮೆಗೆ ಒಂದು ಮೇರೆಯಿದೆ. ಅದನ್ನು ಮೀರಿ ಎಳೆದಾಡಿದವನ ಮೇಲೆ ಅವನಿಗೆ ಬೇಸರವಾಗುತ್ತದೆ. ಒಪ್ಪಿತವಾದ ಬೆಲೆಗಿಂತ ಒಂದೆರಡು ನಾಣ್ಯ ಹೆಚ್ಚು ಕೊಟ್ಟವನನ್ನು ಅವನು ನೆನಪಿಟ್ಟುಕೊಳ್ಳುತ್ತಾನೆ. ಮಾತಿನ ಚಾತುರ್ಯಕ್ಕೆ ಬೆಲೆಯುಂಟು. ಉಡುಪಿನ ಸ್ವಚ್ಛತೆಗೂ ಬೆಲೆಯುಂಟು. ಮೈಮೇಲೆ ಕೆಸರು ಮೆತ್ತಿಕೊಂಡು, ಬಟ್ಟೆಗೆ ರಕ್ತದ ಕಲೆ ಹತ್ತಿಸಿಕೊಂಡು ಅಂಗಡಿಗೆ ಬಂದವನ ಮಾತಿಗೆ ತೂಕ ಕಡಿಮೆ. ಸ್ನಾನ ಮಾಡಿ, ಮಡಿ ಬಟ್ಟೆ ಉಟ್ಟು ಬಂದವನಿಗೆ ಅದೇ ಮಾತಿನಿಂದ ಹೆಚ್ಚಿನ ಲಾಭ.

ಇದೆಲ್ಲದರ ಹಿಂದೆ ಕಾಣದ ಒಂದು ಲೆಕ್ಕವಿದೆ. ಅದು ಊರಿನವರ ಅಭಿಪ್ರಾಯ. ಪ್ರತಿಯೊಂದು ಊರೂ ಹೆನ್ರಿಯ ಬಗೆಗೆ ತನ್ನದೇ ಆದ ಅಭಿಪ್ರಾಯವನ್ನು ಕಟ್ಟಿಕೊಳ್ಳುತ್ತದೆ. ಒಂದು ಊರಿನಲ್ಲಿ ಉಪಕಾರಿಯೆಂದು ಹೆಸರಾದವನಿಗೆ ಅಲ್ಲಿಯ ಅಂಗಡಿಗಳಲ್ಲಿ ಬೆಲೆ ಇಳಿಯುತ್ತದೆ. ಕಳ್ಳನೆಂದೋ ಜಗಳಗಂಟನೆಂದೋ ಹೆಸರು ಕೆಡಿಸಿಕೊಂಡವನಿಗೆ ಬೆಲೆ ಏರುತ್ತದೆ. ಹೆಸರು ಪೂರ್ತಿ ಕೆಟ್ಟರೆ ವ್ಯವಹಾರವೇ ನಿಲ್ಲುತ್ತದೆ. ಬೆಲೆಯೆಂಬುದು ವಸ್ತುವಿನ ಗುಣ ಮಾತ್ರವಲ್ಲ, ಕೊಳ್ಳುವವನ ನಡತೆಯೂ ಅದರಲ್ಲಿ ಸೇರಿಕೊಂಡಿರುತ್ತದೆ ಎಂಬ ಮಾತನ್ನು ಇಷ್ಟು ಸ್ಪಷ್ಟವಾಗಿ ಕಾಣಿಸಿಕೊಡುವ ಸಾಧನ ಇನ್ನೊಂದಿರಲಾರದು. ಬೆಲೆಪಟ್ಟಿ ಅಂಟಿಸಿದ ದೊಡ್ಡ ಮಳಿಗೆಗಳಲ್ಲಿ, ಬೆರಳ ತುದಿಯಿಂದ ಒತ್ತಿ ಮನೆಗೇ ತರಿಸಿಕೊಳ್ಳುವ ವ್ಯಾಪಾರದಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಈ ಅನುಭವ ದೂರದ್ದಾಗಿದೆ. ಅವರ ಅಜ್ಜಂದಿರು ಸಂತೆಗೆ ಹೋದಾಗ ‘ಇಂಥವರ ಮನೆಯವರು’ ಎಂಬ ಒಂದು ಮಾತೇ ಅರ್ಧ ಹಣದ ಕೆಲಸ ಮಾಡುತ್ತಿತ್ತು.

ಕದ್ದ ಮಾಲು ಮತ್ತು ಗಿರಣಿ

ವ್ಯಾಪಾರವಿದ್ದಲ್ಲಿ ಕಳವೂ ಉಂಟು. ಆಟವು ಇದನ್ನು ಮುಚ್ಚಿಡುವುದಿಲ್ಲ. ಅಂಗಡಿಯ ಬೀಗ ಮುರಿದು ಪೆಟ್ಟಿಗೆಯಲ್ಲಿಯ ಸರಕನ್ನೆಲ್ಲ ದೋಚಲು ಆಟಗಾರನಿಗೆ ಅವಕಾಶವಿದೆ. ಆದರೆ ಕದ್ದ ವಸ್ತುವಿನ ಮೇಲೆ ಕಳವಿನ ಗುರುತು ಉಳಿದಿರುತ್ತದೆ. ಸಾಮಾನ್ಯ ವರ್ತಕನು ಅದನ್ನು ಕೈಯಿಂದ ಮುಟ್ಟುವುದಿಲ್ಲ. ಕಾವಲುಗಾರರು ಹೆನ್ರಿಯನ್ನು ತಡೆದು ಶೋಧಿಸುವುದುಂಟು. ಸಿಕ್ಕಿಬಿದ್ದರೆ ದಂಡ ತೆರಬೇಕು, ಇಲ್ಲವೆ ಸೆರೆಮನೆಯಲ್ಲಿ ದಿನಗಳನ್ನು ಕಳೆಯಬೇಕು. ಊರಿನಲ್ಲಿ ಹೆಸರೂ ಕೆಡುತ್ತದೆ.

ಹಾಗಾದರೆ ಕದ್ದ ಮಾಲನ್ನು ಕೊಳ್ಳುವವರಾರು? ನೀರಿನ ಗಿರಣಿ ನಡೆಸುವವರು. ರತ್ತಾಯ್ ಊರ ಹೊರಗಿನ ಗಿರಣಿಯ ಪೆಶೆಕ್ ಎಂಬವನು ಗಾಯಗೊಂಡ ಹೆನ್ರಿಗೆ ಆಶ್ರಯ ಕೊಟ್ಟವನು. ಅವನೇ ಆ ಉಪಕಾರವನ್ನು ಸಾಲವೆಂದು ಎಣಿಸಿ, ಅದರ ತೀರುವೆಗಾಗಿ ಹೆನ್ರಿಯನ್ನು ಕತ್ತಲ ಕೆಲಸಕ್ಕೆ ಹಚ್ಚುತ್ತಾನೆ. ಈ ಪಾತ್ರದ ಹಿಂದೆ ಚರಿತ್ರೆಯ ನೆರಳಿದೆ. ಮಧ್ಯಯುಗದ ಯೂರೋಪಿನಲ್ಲಿ ಗಿರಣಿಯವರ ಮೇಲೆ ಜನರಿಗೆ ಸದಾ ಅನುಮಾನ. ಗಿರಣಿ ನೀರಿನ ಬಳಿ, ಊರ ಹೊರಗಿರುತ್ತಿತ್ತು. ಬೀಸುವ ಕೂಲಿಯೆಂದು ಧಾನ್ಯದ ಒಂದು ಪಾಲನ್ನು ಅವನು ತೆಗೆದುಕೊಳ್ಳುತ್ತಿದ್ದ. ಆ ಪಾಲು ಸರಿಯಾಗಿದೆಯೋ ಇಲ್ಲವೋ ಎಂದು ರೈತನಿಗೆ ತಿಳಿಯುವ ಬಗೆ ಕಡಿಮೆ. ಅಳತೆಯು ಒಬ್ಬನ ಕೈಯಲ್ಲಿಯೇ ಉಳಿದಾಗ, ಪ್ರಾಮಾಣಿಕನಾದವನ ಮೇಲೂ ಅಪನಂಬಿಕೆ ಹುಟ್ಟುತ್ತದೆ. ತಕ್ಕಡಿಯನ್ನು ಗಿರಾಕಿಯ ಕಣ್ಣೆದುರೇ ತೂಗಬೇಕೆಂಬ ರೂಢಿಯ ಬೆಲೆ ಇದರಿಂದ ತಿಳಿಯುತ್ತದೆ.

ಒಂದು ಮಾತನ್ನು ಮಾತ್ರ ಹೇಳಲೇಬೇಕು. ಆಟದಲ್ಲಿ ಕೆಲವು ದಿನಗಳು ಕಳೆದರೆ ವಸ್ತುವಿನ ಮೇಲಿನ ಕಳವಿನ ಗುರುತು ಅಳಿಸಿಹೋಗುತ್ತದೆ. ಆಮೇಲೆ ಅದನ್ನು ಯಾರಿಗಾದರೂ ಮಾರಬಹುದು. ಜನರ ನೆನಪು ಮಾಸುತ್ತದೆ ಎಂಬುದು ಲೋಕದ ಸತ್ಯವೇ ಇರಬಹುದು. ಆದರೆ ನೆನಪು ಮಾಸಿದೊಡನೆ ಕಳವು ಸೊತ್ತಾಗುವುದಿಲ್ಲ. ಈ ಭೇದವನ್ನು ಆಟಗಾರನು ತಾನಾಗಿಯೇ ತಿಳಿಯಬೇಕು, ಆಟವು ತಿಳಿಸುವುದಿಲ್ಲ.

ಬೆಳ್ಳಿಯ ನಾಣ್ಯ, ತಾಮ್ರದ ಮೋಸ

ಈ ಅಂಗಡಿಗಳಲ್ಲಿ ಓಡಾಡುವ ನಾಣ್ಯದ ಹೆಸರು ಗ್ರೋಶನ್. ಇದು ಕಲ್ಪನೆಯದಲ್ಲ. ಕುಟ್ನಾ ಹೋರಾ ಎಂಬ ಊರಿನಲ್ಲಿ ಹದಿಮೂರನೆಯ ಶತಮಾನದ ಕೊನೆಗೆ ಹೇರಳವಾದ ಬೆಳ್ಳಿ ದೊರೆಯಿತು. ದೊರೆ ಎರಡನೆಯ ವೆನ್ಸೆಸ್ಲಾಸನು ಇಟಲಿಯಿಂದ ನಿಪುಣರನ್ನು ಕರೆಸಿ, ೧೩೦೦ರಲ್ಲಿ ಅಲ್ಲಿ ‘ಪ್ರಾಗ್ ಗ್ರೋಶನ್’ ಎಂಬ ಬೆಳ್ಳಿಯ ನಾಣ್ಯವನ್ನು ಟಂಕಿಸಲಾರಂಭಿಸಿದನು. ಆ ಟಂಕಸಾಲೆಯಿದ್ದ ಕಟ್ಟಡಕ್ಕೆ ಇಂದಿಗೂ ‘ಇಟಲಿಯವರ ಅಂಗಳ’ ಎಂಬರ್ಥದ ಹೆಸರೇ ಇದೆ. ನಾಣ್ಯದ ಒಂದು ಮುಖದಲ್ಲಿ ಕಿರೀಟ, ಇನ್ನೊಂದರಲ್ಲಿ ಎರಡು ಬಾಲದ ಸಿಂಹ. ಒಂದು ಗ್ರೋಶನ್‌ಗೆ ಹನ್ನೆರಡು ಚಿಲ್ಲರೆ ಕಾಸು. ದೊಡ್ಡ ವ್ಯವಹಾರಗಳಲ್ಲಿ ಅರುವತ್ತರ ಲೆಕ್ಕದಲ್ಲಿ ಎಣಿಕೆ. ಅದೇ ೧೩೦೦ರ ಸುಮಾರಿಗೆ ಗಣಿ ಕೆಲಸದ ಕಟ್ಟುಕಟ್ಟಳೆಗಳನ್ನು ನಿರೂಪಿಸುವ ಒಂದು ಶಾಸನಗ್ರಂಥವನ್ನೂ ಆ ದೊರೆ ಹೊರಡಿಸಿದನು. ಈ ನಾಣ್ಯವು ಬೊಹೀಮಿಯದಲ್ಲಿ ಮಾತ್ರವಲ್ಲ, ನೆರೆಯ ನಾಡುಗಳ ಪೇಟೆಗಳಲ್ಲಿಯೂ ನಡೆಯುತ್ತಿತ್ತು. ಕಾಲಕ್ರಮದಲ್ಲಿ ಅರಸರು ಹಣದ ಅಡಚಣೆಯಿಂದ ಅದರಲ್ಲಿಯ ಬೆಳ್ಳಿಯನ್ನು ತಗ್ಗಿಸುತ್ತ ಬಂದರು. ಕುಟ್ನಾ ಹೋರಾದ ಹಳೆಯ ಊರು ೧೯೯೫ರಿಂದ ವಿಶ್ವ ಪರಂಪರೆಯ ತಾಣವಾಗಿದೆ.

ಆಟದ ಕಥೆಯಲ್ಲಿ ಖೋಟಾ ನಾಣ್ಯದ ಪ್ರಕರಣವೊಂದು ಬರುತ್ತದೆ. ತಾಮ್ರದ ಬಿಲ್ಲೆಗೆ ಬೆಳ್ಳಿಯ ಲೇಪ ಕೊಟ್ಟು ಗ್ರೋಶನ್‌ನಂತೆ ಅಚ್ಚೊತ್ತಿದ ನಾಣ್ಯಗಳು ನಾಡಿನಲ್ಲಿ ಹರಡುತ್ತವೆ. ಲೇಪಕ್ಕೆ ಪಾದರಸ ಬೇಕು, ಅಚ್ಚಿಗೆ ಕೈಚಳಕದ ಕೆತ್ತನೆಗಾರ ಬೇಕು, ತಾಮ್ರಕ್ಕೆ ಗಣಿ ಬೇಕು. ಇವುಗಳ ಜಾಡು ಹಿಡಿದು ಹೆನ್ರಿ ಸಸಾವ್ ಸೀಮೆಯಲ್ಲಿ ತಿರುಗುತ್ತಾನೆ. ಹಾಗೆ ತಿರುಗುತ್ತಿರುವಾಗ ಆಟಗಾರನಿಗೆ ಒಂದು ಸಂಗತಿ ಹೊಳೆಯುತ್ತದೆ. ಕತ್ತಿ ಹಿಡಿದ ಶತ್ರು ಒಂದು ಊರನ್ನು ಸುಡುತ್ತಾನೆ. ಖೋಟಾ ನಾಣ್ಯ ಹೊಡೆಯುವವನು ಎಲ್ಲ ಊರುಗಳ ಅಂಗಡಿಗಳನ್ನೂ ಒಮ್ಮೆಗೇ ಕೆಡಿಸುತ್ತಾನೆ. ಕೈಗೆ ಬಂದ ನಾಣ್ಯವನ್ನು ವರ್ತಕನು ಅನುಮಾನದಿಂದ ನೋಡಲಾರಂಭಿಸಿದ ದಿನ, ಕೊಡುಕೊಳ್ಳುವಿಕೆಯ ನಂಬಿಕೆಗೆ ಹುಳು ಹತ್ತಿತೆಂದೇ ಅರ್ಥ. ಅಂದಿನ ಯೂರೋಪಿನ ಕಾನೂನುಗಳು ಖೋಟಾ ನಾಣ್ಯ ಮಾಡುವವರಿಗೆ ಅತಿ ಕ್ರೂರ ಶಿಕ್ಷೆಗಳನ್ನು ವಿಧಿಸಿದ್ದರ ಕಾರಣವನ್ನು ಇಲ್ಲಿ ಗ್ರಹಿಸಬಹುದು.

ಅಕ್ಷರವೂ ಕೊಳ್ಳಬೇಕಾದ ವಸ್ತು

ಹೆನ್ರಿಗೆ ಓದಲು ಬರುವುದಿಲ್ಲ. ಆಟದ ಆರಂಭದಲ್ಲಿ ಅವನು ಯಾವುದೇ ಗ್ರಂಥವನ್ನು ತೆರೆದರೂ ಅಕ್ಷರಗಳು ಕಲಸುಮೇಲೋಗರವಾಗಿ ಕಾಣಿಸುತ್ತವೆ. ಆಟಗಾರನು ಎಷ್ಟೇ ವಿದ್ಯಾವಂತನಾಗಿದ್ದರೂ ಹೆನ್ರಿಯ ಕಣ್ಣಿನಿಂದಲೇ ಆ ಪುಟವನ್ನು ನೋಡಬೇಕು. ಉಝಿಟ್ಸ್ ಎಂಬ ಹಳ್ಳಿಯಲ್ಲಿ ಒಬ್ಬ ಲಿಪಿಕಾರನಿದ್ದಾನೆ. ಅವನಿಗೆ ಹಣ ಕೊಟ್ಟು, ದಿನಗಳನ್ನು ವ್ಯಯಿಸಿದರೆ ಅಕ್ಷರ ಕಲಿಸುತ್ತಾನೆ. ಮೊದಮೊದಲು ಒಂದೆರಡು ಪದಗಳು ಬಿಡಿಬಿಡಿಯಾಗಿ ತಿಳಿಯುತ್ತವೆ; ಕ್ರಮೇಣ ವಾಕ್ಯ ಅರಳುತ್ತದೆ.

ಅಂಗಡಿಯಲ್ಲಿಟ್ಟ ಪುಸ್ತಕ ಕೊಳ್ಳಬೇಕಾದರೆ ಅಕ್ಷರ ಮೊದಲು ಬೇಕು, ಅಕ್ಷರಕ್ಕೆ ಹಣ ಬೇಕು, ಹಣಕ್ಕೆ ದುಡಿಮೆ ಬೇಕು. ಅಚ್ಚಿನ ಯಂತ್ರ ಬರುವುದಕ್ಕೆ ಮೊದಲಿನ ಆ ಕಾಲದಲ್ಲಿ ಪ್ರತಿಯೊಂದು ಗ್ರಂಥವೂ ಕೈಬರಹದ್ದು. ಅದರ ಬೆಲೆ ಸಾಮಾನ್ಯನ ಕೈಗೆ ನಿಲುಕುವಂತಹುದಲ್ಲ. ವಿದ್ಯೆಯು ಉಳ್ಳವರ ಸೊತ್ತಾಗಿದ್ದ ಸಮಾಜದಲ್ಲಿ ಕಮ್ಮಾರನ ಮಗನೊಬ್ಬನು ಓದು ಕಲಿಯುವುದು ಎಷ್ಟು ದೊಡ್ಡ ಜಿಗಿತವೆಂಬುದು, ಪುಕ್ಕಟೆಯಾಗಿ ಪಠ್ಯಪುಸ್ತಕ ಪಡೆದ ನಮ್ಮ ಮಕ್ಕಳಿಗೆ ಇಲ್ಲಿ ಅರಿವಾಗುತ್ತದೆ.

ಅಂಗಡಿಯಿಂದ ಊರು

೨೦೧೮ರಲ್ಲಿಯೇ ಈ ಆಟಕ್ಕೆ ಸೇರಿದ ಒಂದು ಉಪಕಥೆಯಲ್ಲಿ ವ್ಯಾಪಾರದ ಇನ್ನೊಂದು ಮಗ್ಗುಲು ಕಾಣುತ್ತದೆ. ಪಾಳುಬಿದ್ದ ಪ್ರಿಬಿಸ್ಲಾವಿಟ್ಸ್ ಎಂಬ ಹಳ್ಳಿಯಿಂದ ದರೋಡೆಕಾರರನ್ನು ಓಡಿಸಿದ ಮೇಲೆ, ಟಾಲ್ಮ್‌ಬರ್ಗಿನ ಒಡೆಯ ದಿವಿಶನು ಹೆನ್ರಿಗೆ ಆ ಹಳ್ಳಿಯ ಉಸ್ತುವಾರಿಯನ್ನು ವಹಿಸುತ್ತಾನೆ. ಮರ ಕಡಿಯುವವರನ್ನು ಕರೆತರಬೇಕು, ಕುಲುಮೆ ಕಟ್ಟಿಸಬೇಕು, ರೊಟ್ಟಿ ಸುಡುವವನಿಗೆ ಜಾಗ ಕೊಡಬೇಕು, ಲಾಯ, ಛತ್ರ, ಕಾವಲುಮನೆ ನಿಲ್ಲಿಸಬೇಕು. ಪ್ರತಿಯೊಂದಕ್ಕೂ ಸಾವಿರಗಟ್ಟಲೆ ಗ್ರೋಶನ್ ಖರ್ಚು. ಕಟ್ಟಿದ ಮೇಲೆ ದಿನನಿತ್ಯದ ವೆಚ್ಚ ಬೇರೆ. ಕೆಲವು ಕಟ್ಟಡಗಳು ಆದಾಯ ತರುತ್ತವೆ, ಕೆಲವು ವೆಚ್ಚವನ್ನೇ ಬೇಡುತ್ತವೆ. ಅವಸರದಿಂದ ಎಲ್ಲವನ್ನೂ ಕಟ್ಟಿದವನ ಕೈ ಬರಿದಾಗುತ್ತದೆ. ಊರಿನವರ ಜಗಳಗಳನ್ನು ಆಲಿಸಿ ತೀರ್ಪು ಕೊಡುವ ಹೊಣೆಯೂ ಅವನ ಮೇಲೆಯೇ.

ಇಲ್ಲಿ ಆಟಗಾರನು ಗಿರಾಕಿಯ ಸ್ಥಾನದಿಂದ ಎದ್ದು ಗಲ್ಲದ ಮೇಲೆ ಬಂದು ಕೂಡುತ್ತಾನೆ. ಅಂಗಡಿಯೆಂದರೆ ಲಾಭದ ಪೆಟ್ಟಿಗೆ ಮಾತ್ರವಲ್ಲ, ಅದರ ಸುತ್ತ ಹತ್ತಾರು ಒಲೆಗಳು ಉರಿಯಬೇಕು, ಆ ಒಲೆಗಳಿಗೆ ಸೌದೆ ಬೇಕು, ಸೌದೆ ತರುವ ದಾರಿಗೆ ರಕ್ಷಣೆ ಬೇಕು ಎಂಬ ಸರಪಳಿ ಅವನಿಗೆ ತಿಳಿಯುತ್ತದೆ.

ಆಟವು ಹೇಳದೆ ಬಿಟ್ಟದ್ದು

ಪ್ರಶಂಸೆಯ ಜೊತೆಗೆ ವಿಮರ್ಶೆಯೂ ನಮ್ಮ ಕರ್ತವ್ಯ. ಈ ಆಟದಲ್ಲಿ ಹಣ ಗಳಿಸುವ ಅತಿ ಸುಲಭವಾದ ದಾರಿ ಯಾವುದು? ಕಾಳಗದಲ್ಲಿ ಬಿದ್ದವರ ಮೈಮೇಲಿನ ಕವಚವನ್ನು ಬಿಚ್ಚಿ ತಂದು ಮಾರುವುದು. ಕೆಲವೇ ದಿನಗಳಲ್ಲಿ ಹೆನ್ರಿ ಊರಿನ ವರ್ತಕರೆಲ್ಲರಿಗಿಂತ ಸಿರಿವಂತನಾಗಿಬಿಡುತ್ತಾನೆ. ಯುದ್ಧದ ಲೂಟಿ ಅಂದು ನಿಜವಾಗಿಯೂ ಇದ್ದ ಸಂಗತಿಯೇ. ಆದರೆ ಹತ್ತು ವರ್ಷ ಸುತ್ತಿಗೆ ಬಡಿದ ಕಮ್ಮಾರನ ಗಳಿಕೆಯು ಒಂದು ಮಧ್ಯಾಹ್ನದ ಲೂಟಿಗೆ ಸಮವಾಗದಿರುವುದನ್ನು ಆಟವು ಸಹಜವೆಂಬಂತೆ ತೋರಿಸುತ್ತದೆ.

ಎರಡನೆಯದು ಉದ್ರಿಯ ಲೋಪ. ಬಾಕಿ ವಸೂಲಿಯಿಂದ ಆರಂಭವಾದ ಕಥೆಯಲ್ಲಿ ಮುಂದೆ ಯಾವ ವರ್ತಕನೂ ಹೆನ್ರಿಗೆ ‘ಈಗ ಒಯ್ಯಿ, ಆಮೇಲೆ ಕೊಡು’ ಎನ್ನುವುದಿಲ್ಲ. ನಾಣ್ಯದ ಕೊರತೆಯಿದ್ದ ಮಧ್ಯಯುಗದ ಊರುಗಳಲ್ಲಿ ಸಾಲ ಮತ್ತು ಮಾತಿನ ಭರವಸೆಗಳಿಲ್ಲದೆ ವ್ಯಾಪಾರ ಸಾಗುತ್ತಿರಲಿಲ್ಲ. ಕೈಗೆ ಕೈ ನಗದಿನ ವ್ಯವಹಾರವೇ ರೂಢಿಯೆಂಬ ಭಾವನೆ ನಮ್ಮ ಕಾಲದ್ದು, ಅವರದಲ್ಲ. ಕುಶಲಕರ್ಮಿಗಳ ಸಂಘಗಳು, ಸಂತೆಯ ಸುಂಕ, ಅಳತೆ ತೂಕಗಳ ಕಟ್ಟಳೆ ಇವೆಲ್ಲ ಹೆನ್ರಿಯ ಚೌಕಾಸಿಯಲ್ಲಿ ಎಲ್ಲಿಯೂ ಅಡ್ಡ ಬರುವುದಿಲ್ಲ.

ಹೀಗಿದ್ದೂ ಉಳಿದ ಆಟಗಳೊಡನೆ ಹೋಲಿಸಿದಾಗ ಇದರ ಹೆಚ್ಚುಗಾರಿಕೆ ಎದ್ದುಕಾಣುತ್ತದೆ. ೧೯೯೯ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್’ ಆಟದ ಎರಡನೆಯ ಭಾಗದಲ್ಲಿ ಸಂತೆಯೊಂದಿದೆ. ಅಲ್ಲಿ ಧಾನ್ಯವನ್ನೋ ಮರವನ್ನೋ ಮಾರಿದಷ್ಟೂ ಅದರ ಬೆಲೆ ಇಳಿಯುತ್ತದೆ, ಕೊಂಡಷ್ಟೂ ಏರುತ್ತದೆ. ವ್ಯಾಪಾರದ ಬಂಡಿ ದೂರ ಹೋದಷ್ಟೂ ಹೆಚ್ಚು ಚಿನ್ನ ತರುತ್ತದೆ. ಪೂರೈಕೆ ಬೇಡಿಕೆಗಳ ನಿಯಮ ಅಲ್ಲಿ ಚೆನ್ನಾಗಿದೆ, ಆದರೆ ಮಾರುವವನ ಮುಖವಿಲ್ಲ. ೨೦೦೯ರ ‘ಅಸ್ಯಾಸಿನ್ಸ್ ಕ್ರೀಡ್’ ಎರಡನೆಯ ಭಾಗದಲ್ಲಿ ಇಟಲಿಯ ಮೊಂಟೆರಿಜ್ಜೋನಿ ಎಂಬ ಕೋಟೆಯೂರಿನ ಅಂಗಡಿಗಳಿಗೆ ಬಂಡವಾಳ ಹಾಕಿದರೆ ಪ್ರತಿ ಇಪ್ಪತ್ತು ನಿಮಿಷಗಳಿಗೊಮ್ಮೆ ಆದಾಯ ತಾನಾಗಿಯೇ ಪೆಟ್ಟಿಗೆಗೆ ಬಂದು ಬೀಳುತ್ತದೆ. ಅಲ್ಲಿ ಬಂಡವಾಳವಿದೆ, ದುಡಿಮೆಯ ಬೆವರಿಲ್ಲ. ನಿಯಮವನ್ನೂ ಮುಖವನ್ನೂ ಒಟ್ಟಿಗೆ ತರಲು ಯತ್ನಿಸಿದ್ದು ಬೊಹೀಮಿಯದ ಈ ಆಟವೇ.

ಕುಲುಮೆಯೋ ಗಿರಣಿಯೋ

೨೦೨೫ರ ಫೆಬ್ರುವರಿಯಲ್ಲಿ ಇದರ ಎರಡನೆಯ ಭಾಗ ಹೊರಬಂದಿತು. ಕಥೆಯ ಕಾಲ ಅದೇ ೧೪೦೩. ರಂಗಸ್ಥಳ ಮಾತ್ರ ಟ್ರೋಸ್ಕಿ ಕೋಟೆಯ ಸೀಮೆಯಿಂದ ಮೊದಲಾಗಿ, ನಾಣ್ಯ ಟಂಕಿಸುವ ಕುಟ್ನಾ ಹೋರಾ ನಗರದವರೆಗೆ ಹಬ್ಬಿದೆ. ಆರಂಭದಲ್ಲಿಯೇ ಹೆನ್ರಿ ತನ್ನದೆಲ್ಲವನ್ನೂ ಕಳೆದುಕೊಂಡು ನಿಲ್ಲುತ್ತಾನೆ. ಒಂದು ಮದುವೆಯ ಸಮಾರಂಭದೊಳಗೆ ಪ್ರವೇಶ ದೊರಕಿಸಿಕೊಳ್ಳಬೇಕಾಗಿದೆ. ಅದಕ್ಕೆ ಎರಡು ಬಾಗಿಲುಗಳು. ಒಂದು ಕಮ್ಮಾರನ ಕೈಕೆಳಗೆ ದುಡಿಯುವುದು. ಇನ್ನೊಂದು ಗಿರಣಿಯವನ ಬಳಿ ಸೇರಿ ಅವನ ಗುಟ್ಟಿನ ಕೆಲಸಗಳನ್ನು ಮಾಡಿಕೊಡುವುದು.

ಮೊದಲನೆಯ ಭಾಗದಲ್ಲಿ ಕಮ್ಮಾರನ ಮಗನಾಗಿಯೂ ಹೆನ್ರಿಗೆ ಕತ್ತಿಯನ್ನು ಸಾಣೆ ಹಿಡಿಯುವುದಷ್ಟೇ ಸಾಧ್ಯವಿತ್ತು, ಕಬ್ಬಿಣವನ್ನು ಬಡಿದು ರೂಪಿಸುವ ಅವಕಾಶವಿರಲಿಲ್ಲ. ಎರಡನೆಯ ಭಾಗದಲ್ಲಿ ಅವನು ಕುಲುಮೆಯ ಮುಂದೆ ನಿಂತು, ಕಬ್ಬಿಣದ ಕಾವನ್ನು ಬಣ್ಣದಿಂದ ಅರಿತು, ಸುತ್ತಿಗೆಯ ಪೆಟ್ಟನ್ನು ತಾಳಕ್ಕೆ ತಕ್ಕಂತೆ ಹಾಕಿ ಕತ್ತಿ, ಕೊಡಲಿ, ಕುದುರೆಯ ಲಾಳಗಳನ್ನು ಮಾಡಬಲ್ಲ. ಮಾಡಿದ್ದನ್ನು ಅಂಗಡಿಗೆ ಒಯ್ದು ಮಾರಬಲ್ಲ. ಲೂಟಿಯ ಕವಚಕ್ಕೆ ಸಿಕ್ಕುವ ಹಣವೂ ತನ್ನ ಕೈಯಾರೆ ಮಾಡಿದ ಲಾಳಕ್ಕೆ ಸಿಕ್ಕುವ ಹಣವೂ ಲೆಕ್ಕದ ಪುಸ್ತಕದಲ್ಲಿ ಒಂದೇ ಬಗೆಯ ಗ್ರೋಶನ್. ಆದರೆ ಎರಡನ್ನೂ ಮಾಡಿ ನೋಡಿದ ಆಟಗಾರನಿಗೆ ಅವೆರಡೂ ಒಂದೇ ಅಲ್ಲವೆಂದು ತಿಳಿಯದೆ ಇರದು. ಮೊದಲ ಭಾಗದಲ್ಲಿ ಕೊರತೆಯಾಗಿದ್ದುದನ್ನು ನಿರ್ಮಾಪಕರು ಈ ಭಾಗದಲ್ಲಿ ಬಹಳಮಟ್ಟಿಗೆ ತುಂಬಿಕೊಟ್ಟಿದ್ದಾರೆ.

ಮನೆಯ ಹಿರಿಯರಿಗೆ ಎರಡು ಮಾತು

ಈ ಆಟವು ಎಳೆಯ ಮಕ್ಕಳಿಗೆ ತಕ್ಕದ್ದಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಯೂರೋಪಿನ ವರ್ಗೀಕರಣದಲ್ಲಿ ಇದು ಹದಿನೆಂಟು ವರ್ಷ ತುಂಬಿದವರಿಗಾಗಿ ಇರುವಂತಹುದು. ಇದರಲ್ಲಿ ರಕ್ತಪಾತವಿದೆ, ಮದ್ಯಪಾನವಿದೆ, ಮುಚ್ಚುಮರೆಯಿಲ್ಲದ ಪ್ರಸಂಗಗಳಿವೆ. ವಯಸ್ಸಿಗೆ ಬಂದ ಮಗನೋ ಮಗಳೋ ಇದನ್ನು ಆಡುತ್ತಿದ್ದರೆ, ‘ಕಾಲಹರಣ’ ಎಂದು ಗದರಿಸಿ ಎದ್ದುಹೋಗುವುದಕ್ಕಿಂತ ಪಕ್ಕದಲ್ಲಿ ಒಂದು ಗಳಿಗೆ ಕುಳಿತು ಕೇಳುವುದು ಲೇಸು. ಕುನೇಶ್‌ನ ಬಳಿ ಹಣ ಹೇಗೆ ವಸೂಲು ಮಾಡಿದೆ? ವರ್ತಕನಿಗೆ ಕೊನೆಗೆ ಎಷ್ಟು ಕೊಟ್ಟೆ? ಪೆಟ್ಟಿಗೆಯಲ್ಲಿರುವ ಈ ಸಾಮಾನು ಎಲ್ಲಿಂದ ಬಂತು? ಮದುವೆಗೆ ಯಾವ ಬಾಗಿಲಿನಿಂದ ಹೋದೆ, ಕುಲುಮೆಯಿಂದಲೋ ಗಿರಣಿಯಿಂದಲೋ?

ಈ ಪ್ರಶ್ನೆಗಳಿಗೆ ಬರುವ ಉತ್ತರ ಆಟದ್ದೇ ಇರಬಹುದು. ಆದರೆ ಕಾಣುವವರಿಲ್ಲದ ಕಡೆ ಮಾಡಿಕೊಂಡ ಆಯ್ಕೆಯನ್ನು ಬಾಯಿಬಿಟ್ಟು ಹೇಳುವಾಗ ಮನುಷ್ಯನು ತನ್ನನ್ನು ತಾನೇ ತೂಗಿ ನೋಡಿಕೊಳ್ಳುತ್ತಾನೆ. ಆರುನೂರು ವರ್ಷಗಳ ಹಿಂದಿನ ಬೊಹೀಮಿಯದ ವರ್ತಕನು ತನ್ನ ಕಟ್ಟೆಯ ಮೇಲೆ ಕುಳಿತು ಬಂದ ಗಿರಾಕಿಯ ಮುಖವನ್ನೇ ಮೊದಲು ನೋಡುತ್ತಿದ್ದುದು ಇದಕ್ಕಾಗಿಯೇ. ನಾಣ್ಯವನ್ನು ಉಜ್ಜಿ ನೋಡಿ ಬೆಳ್ಳಿಯೋ ತಾಮ್ರವೋ ಎಂದು ತಿಳಿಯಬಹುದು. ಅದನ್ನು ಕೊಡುವ ಕೈ ಎಂತಹುದೆಂದು ತಿಳಿಯಲು ಒಂದು ಊರು, ಹಲವು ವರ್ಷಗಳ ಒಡನಾಟ ಬೇಕು.